ಅಷ್ಟೊಂದು ಟ್ಯಾಕ್ಸ್ ಕಟ್ಟಿಯೂ ಡೆನ್ಮಾರ್ಕಿನವರು ಹೇಗೆ ಖುಷಿಯಾಗಿರ್ತಾರೆ?

ಡೆನ್ಮಾರ್ಕಿನಲ್ಲಿರುವ ನಾನು ಊರಿಗೆ ಬಂದಾಗಲೆಲ್ಲ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. "ಸಂಬಳದಲ್ಲಿ ಅರ್ಧದ ಹತ್ತಿರ ಟ್ಯಾಕ್ಸ್‌ಗೇ ಹೋಗುತ್ತಂತಲ್ಲ, ಆ ಜನ ಹೇಗೆ ಸುಮ್ಮನಿರ್ತಾರೆ?" ಕೇಳುವುದರಲ್ಲಿ ತಪ್ಪೇನಿಲ್ಲ. ಡೆನ್ಮಾರ್ಕಿನಲ್ಲಿ ಕೊಳ್ಳುವ ಹೆಚ್ಚುಕಡಿಮೆ ಎಲ್ಲದರ ಮೇಲೂ 25% ವ್ಯಾಟ್ ಇದೆ. ಅಕ್ಕಿಗೂ ಅಷ್ಟೇ, ಕೈಗಡಿಯಾರಕ್ಕೂ ಅಷ್ಟೇ. ದೊಡ್ಡ ಪೆಟ್ರೋಲ್ ಕಾರು ತೆಗೆದುಕೊಂಡರೆ ನೋಂದಣಿ ತೆರಿಗೆಯೇ ಕಾರಿನ ಬೆಲೆಯನ್ನು ಮೀರಬಹುದು. ಆದರೂ ವಿಶ್ವ ಸಂತೋಷ ವರದಿಯಲ್ಲಿ ಆ ದೇಶ ಯಾವಾಗಲೂ ಮೇಲಿನ ಸಾಲಿನಲ್ಲೇ ಇರುತ್ತದೆ. 2012, 2013 ಮತ್ತು 2016ರಲ್ಲಿ ಮೊದಲ ಸ್ಥಾನವೇ ಸಿಕ್ಕಿತ್ತು.

ಕೊಟ್ಟದ್ದು ವಾಪಸ್ ಬರುತ್ತದಲ್ಲ, ಅದಕ್ಕೇ ಅಂತ ಹೇಳಿ ಮುಗಿಸಬಹುದು. ಆಸ್ಪತ್ರೆಗೆ ದುಡ್ಡಿಲ್ಲ, ವಿಶ್ವವಿದ್ಯಾಲಯಕ್ಕೆ ಫೀಸಿಲ್ಲ, ಓದುವ ಹುಡುಗರಿಗೆ ಸರ್ಕಾರವೇ ತಿಂಗಳು ತಿಂಗಳು ಹಣ ಕೊಡುತ್ತದೆ. ಇದೆಲ್ಲ ನಿಜ. ಆದರೆ ವಾಪಸ್ ಬಂದೇ ಬರುತ್ತದೆ ಅನ್ನುವ ನಂಬಿಕೆ ಎಲ್ಲಿಂದ ಬಂತು? ನನಗೆ ಕಂಡಂತೆ, ಅಲ್ಲಿನವರಿಗೆ ಸರ್ಕಾರ ಅಂದರೆ ತಾವೂ ಸದಸ್ಯರಾಗಿರುವ ಒಂದು ದೊಡ್ಡ ಸಂಘ. ಸಂಘ ಕಟ್ಟುವುದನ್ನು ಅವರು ಕಲಿತದ್ದು ದನದ ಕೊಟ್ಟಿಗೆಯಲ್ಲಿ.

1864ರಲ್ಲಿ ಡೆನ್ಮಾರ್ಕ್ ಪ್ರಶ್ಯ ಮತ್ತು ಆಸ್ಟ್ರಿಯಾ ಎದುರು ಯುದ್ಧ ಸೋತು, ಸುಮಾರು ಮೂರನೇ ಒಂದು ಭಾಗ ನೆಲ ಕಳೆದುಕೊಂಡಿತು. ಮುಂದಿನ ದಶಕದಲ್ಲಿ ಅಮೆರಿಕ, ರಷ್ಯಾದ ಅಗ್ಗದ ಧಾನ್ಯ ಯುರೋಪಿಗೆ ಬಂದು ಬಿತ್ತು. ಧಾನ್ಯ ಮಾರಿ ಬದುಕುವುದು ಕಷ್ಟವಾದಾಗ ರೈತರು ಹೈನುಗಾರಿಕೆಗೆ ಇಳಿದರು. ಇಂಗ್ಲೆಂಡಿಗೆ ಬೆಣ್ಣೆ ಬೇಕಿತ್ತು. ಆದರೆ ಒಳ್ಳೆಯ ಬೆಲೆ ಸಿಗುತ್ತಿದ್ದದ್ದು ದೊಡ್ಡ ಜಮೀನ್ದಾರರ ಬೆಣ್ಣೆಗೆ. ನಾಲ್ಕು ಹಸು ಕಟ್ಟಿದವನ ಮನೆ ಬೆಣ್ಣೆ ಒಂದೊಂದು ಸಲ ಒಂದೊಂದು ಥರ. ಎಲ್ಲರ ಹಾಲನ್ನೂ ಒಂದೇ ಕಡೆ ಸೇರಿಸೋಣ ಅಂದರೆ, ಗಾಡಿಯಲ್ಲಿ ಕುಲುಕಿದ ಹಾಲಿನಲ್ಲಿ ಕೆನೆ ಸರಿಯಾಗಿ ಕಟ್ಟುತ್ತಿರಲಿಲ್ಲ. ಆ ಹೊತ್ತಿಗೆ ಹಾಲನ್ನು ಗಿರಗಿರ ತಿರುಗಿಸಿ ಕೆನೆ ತೆಗೆಯುವ ಯಂತ್ರ ಬಂತು. ಒಬ್ಬ ಸಣ್ಣ ರೈತ ಅದನ್ನು ಕೊಳ್ಳುವ ಮಾತೇ ಇಲ್ಲ. 1882ರಲ್ಲಿ ಪಶ್ಚಿಮ ಜಟ್‌ಲೆಂಡಿನ ಹ್ಯೆಡಿಂಗ್ ಹಳ್ಳಿಯ ರೈತರು ಒಟ್ಟು ಸೇರಿ ಡೇರಿ ಶುರು ಮಾಡಿದರು. ಅದನ್ನು ನೋಡಿ ಊರೂರಲ್ಲಿ ಡೇರಿ ಎದ್ದವು. 1900ರ ಹೊತ್ತಿಗೆ ಅವುಗಳ ಸಂಖ್ಯೆ ಸಾವಿರದಷ್ಟು.

ಆ ಡೇರಿಗಳ ಕಟ್ಟಳೆ ನೋಡಿ. ಸಾಲಕ್ಕೆ ಎಲ್ಲರೂ ಜೊತೆಯಾಗಿ ಹೊಣೆ. ಲಾಭ ಹಾಕಿದ ಹಾಲಿಗೆ ತಕ್ಕಂತೆ. ಓಟು ಮಾತ್ರ ತಲೆಗೊಂದು, ಹಸು ನಾಲ್ಕಿರಲಿ, ನಲವತ್ತಿರಲಿ. ಕೆನೆ ತೆಗೆದ ಹಾಲು ಮನೆಗೆ ವಾಪಸ್ ಬಂದು ಹಂದಿಗಳಿಗೆ ಮೇವಾಯಿತು, ಆಮೇಲೆ ಹಂದಿ ಮಾಂಸವೂ ಇಂಗ್ಲೆಂಡಿಗೆ ಹೋಯಿತು. ಬೆಳಗ್ಗೆ ಡೇರಿಗೆ ಹಾಲು ಹಾಕಿ ಬರುವ ಮನೆಯವರಿಗೆ ಇದರ ಬೆಲೆ ನಾನು ಹೇಳಬೇಕಿಲ್ಲ. ಪಕ್ಕದವನು ಹಾಲಿಗೆ ನೀರು ಬೆರೆಸಿದರೆ ನಷ್ಟ ನನಗೂ ತಟ್ಟುತ್ತದೆ. ಅದಕ್ಕೇ ಅಳೆಯುತ್ತಾರೆ, ಬರೆದಿಡುತ್ತಾರೆ, ಲೆಕ್ಕ ಎಲ್ಲರ ಮುಂದೆ ಓದುತ್ತಾರೆ. ಡೇನಿಷ್ ಜನರ ನಂಬಿಕೆಯನ್ನು ಮುಗ್ಧತೆ ಅಂದುಕೊಳ್ಳುವವರು ಜಾಸ್ತಿ. ನಾನು ಒಪ್ಪುವುದಿಲ್ಲ. ತಲೆಮಾರುಗಳಿಂದ ಲೆಕ್ಕ ಕೇಳಿ ಕೇಳಿ ಬಂದ ನಂಬಿಕೆ ಅದು.

ಸಭೆಯಲ್ಲಿ ಎದ್ದು ನಿಂತು ಕೇಳುವ ಧೈರ್ಯ ಹಳ್ಳಿಯ ಹುಡುಗರಿಗೆ ಬಂದದ್ದರಲ್ಲಿ ‘ಜಾನಪದ ಪ್ರೌಢಶಾಲೆ’ ಅನ್ನುವ, ದೊಡ್ಡವರಾದ ಯುವಜನರ ವಸತಿ ಶಾಲೆಗಳ ಪಾಲು ದೊಡ್ಡದು. ಪಾದ್ರಿಯೂ ಕವಿಯೂ ಆಗಿದ್ದ ಗ್ರುಂಟ್‌ವಿ ಅವರ ಕನಸು ಅದು. ಮೊದಲನೆಯದು 1844ರಲ್ಲಿ ರೋಡಿಂಗ್‌ನಲ್ಲಿ ಶುರುವಾಯಿತು. ಪರೀಕ್ಷೆ ಇಲ್ಲ, ಅಂಕ ಇಲ್ಲ. ಅಲ್ಲೇ ಉಳಿದು ಇತಿಹಾಸ ಕೇಳಬೇಕು, ಹಾಡಬೇಕು, ವಾದ ಮಾಡಬೇಕು. ಹೊಲದ ಕೆಲಸ ಕಡಿಮೆ ಇರುವ ಚಳಿಗಾಲದಲ್ಲಿ ಹುಡುಗರು ಬರುತ್ತಿದ್ದರು, ಬೇಸಿಗೆಯಲ್ಲಿ ಹುಡುಗಿಯರು. ಇಂಥ ಶಾಲೆಗಳು ಇವತ್ತಿಗೂ ನಡೆಯುತ್ತಿವೆ, ಈಗಲೂ ಪರೀಕ್ಷೆ ಇಲ್ಲ.

ಕಾರ್ಖಾನೆಗಳಲ್ಲೂ ಇದೇ ದಾರಿ. 1899ರಲ್ಲಿ ತಿಂಗಳುಗಟ್ಟಲೆ ನಡೆದ ಲಾಕೌಟ್ ಆದಮೇಲೆ ಮಾಲೀಕರು ಮತ್ತು ಕಾರ್ಮಿಕ ಸಂಘಗಳು ಒಬ್ಬರನ್ನೊಬ್ಬರು ಮಾನ್ಯ ಮಾಡುವ ‘ಸೆಪ್ಟೆಂಬರ್ ಒಪ್ಪಂದ’ಕ್ಕೆ ಬಂದವು. ಇವತ್ತಿಗೂ ಅಲ್ಲಿ ಕನಿಷ್ಠ ವೇತನದ ಕಾನೂನಿಲ್ಲ. ಸಂಬಳವನ್ನು ಎರಡೂ ಕಡೆಯವರು ಕೂತು ಮಾತಾಡಿ ತೀರ್ಮಾನಿಸುತ್ತಾರೆ.

ನಾನಿರುವ ಮನೆಗಳ ಸಂಘದ ವಾರ್ಷಿಕ ಸಭೆ ನೆಲಮಾಳಿಗೆಯಲ್ಲಿ ನಡೆಯುತ್ತದೆ. ಮಡಚುವ ಕುರ್ಚಿ, ಕಾಫಿ, ಬಿಯರ್. ಮೊದಲು ಸಭೆ ನಡೆಸಿಕೊಡಲು ಒಬ್ಬರನ್ನು ಆರಿಸುತ್ತಾರೆ. ಖಜಾಂಚಿ ಲೆಕ್ಕ ಓದುತ್ತಾರೆ. ಸೂರಿನ ರಿಪೇರಿಗೆ ಇಷ್ಟ್ಯಾಕೆ ಆಯ್ತು ಅಂತ ನಿವೃತ್ತ ಬಸ್ ಡ್ರೈವರ್ ಒಬ್ಬರು ಕೇಳಿದರು. ಖಜಾಂಚಿ ಕೆಲಸದಲ್ಲಿ ದೊಡ್ಡ ವೈದ್ಯರು. ಸ್ವಲ್ಪವೂ ಬೇಜಾರು ಮಾಡಿಕೊಳ್ಳದೆ ಬಿಲ್ಲಿನ ಫೈಲ್ ತೆಗೆದು ಅವರ ಕೈಗೇ ಕೊಟ್ಟರು. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಪುಟ ನೋಡುವವರೆಗೆ ಇಡೀ ಸಭೆ ಕಾಯಿತು. ಆಮೇಲೆ ಹೊಸ ವಾಷಿಂಗ್ ಮೆಷಿನ್ ಬೇಕೇ ಬೇಡವೇ ಅಂತ ಕೈ ಎತ್ತಿದೆವು. ನನಗೆ ಡೆನ್ಮಾರ್ಕ್ ಅರ್ಥವಾದದ್ದು ಅಲ್ಲಿಯೇ.

ಆಟವೂ ಸಂಘದ್ದೇ. ಅರವತ್ತು ಲಕ್ಷ ಜನರ ದೇಶದಿಂದ ಬ್ಯಾಡ್ಮಿಂಟನ್ ಆಟಗಾರ ವಿಕ್ಟರ್ ಅಕ್ಸೆಲ್‌ಸನ್ ಅಂಥವರು ಎರಡು ಒಲಿಂಪಿಕ್ ಚಿನ್ನ ಗೆಲ್ಲುವುದು ಸುಮ್ನೆ ಅಲ್ಲ. ಬ್ಯಾಡ್ಮಿಂಟನ್ ಕ್ಲಬ್ಬುಗಳನ್ನು ಸದಸ್ಯರೇ ನಡೆಸುತ್ತಾರೆ, ಹಾಲ್ ಒದಗಿಸುವುದು ನಗರಸಭೆ, ಸಂಜೆ ಮಕ್ಕಳಿಗೆ ಕಲಿಸುವವರಲ್ಲಿ ಯಾರದೋ ಅಪ್ಪ, ಯಾರದೋ ಅಮ್ಮ ಇರುತ್ತಾರೆ. ನಮ್ಮ ಪ್ರಕಾಶ್ ಪಡುಕೋಣೆ 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದಮೇಲೆ ಹೋಗಿ ನೆಲೆಸಿ ಅಭ್ಯಾಸ ಮಾಡಿದ್ದು ಇದೇ ದೇಶದಲ್ಲಿ. ಮಗಳು ದೀಪಿಕಾ ಹುಟ್ಟಿದ್ದು ಕೋಪನ್‌ಹೇಗನ್‌ನಲ್ಲಿ, 1986ರಲ್ಲಿ.

ಹೀಗಂತ ಎಲ್ಲ ಚೆಂದ ಅಂತಲ್ಲ. ಸಂಘಕ್ಕೆ ಒಳಗಿನವರು ಇದ್ದಂತೆ ಹೊರಗಿನವರೂ ಇರುತ್ತಾರೆ, ಅಲ್ವಾ? 2018ರಲ್ಲಿ ಅಲ್ಲಿನ ಸಂಸತ್ತು ಪಟ್ಟಿ ಮಾಡಿದ ಕೆಲವು ಬಡಾವಣೆಗಳಿಗೆ ಬೇರೆಯೇ ಕಾನೂನು ತಂದಿತು. ಆದಾಯ, ಓದು, ಅಪರಾಧದ ಜೊತೆಗೆ, ಪಾಶ್ಚಾತ್ಯರಲ್ಲದ ಮೂಲದವರು ಎಷ್ಟಿದ್ದಾರೆ ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಅಂಥ ಕಡೆ ಒಂದು ವರ್ಷ ತುಂಬಿದ ಮಗುವನ್ನು ವಾರಕ್ಕೆ 25 ಗಂಟೆ ಶಿಶುವಿಹಾರಕ್ಕೆ ಕಳಿಸಬೇಕು ಅನ್ನುವುದೇ ಸಾಮಾನ್ಯ ನಿಯಮ, ಪಾಲಿಸದಿದ್ದರೆ ಸರ್ಕಾರದ ಮಕ್ಕಳ ಭತ್ಯೆ ನಿಲ್ಲಬಹುದು. ಪಕ್ಕದ ಬಡಾವಣೆಯ ತಾಯಿಗೆ ಆ ಕಟ್ಟುಪಾಡಿಲ್ಲ. ಟ್ಯಾಕ್ಸ್ ಇಬ್ಬರದ್ದೂ ಒಂದೇ. ತಲೆಗೊಂದು ಓಟು ಅಂದ ರೈತರ ದೇಶ ಇಂಥದ್ದನ್ನು ಮಾಡಬಾರದಿತ್ತು. ಅಲ್ಲಿನ ಗೆಳೆಯರಿಗೂ ಇದನ್ನು ಹೇಳುತ್ತೇನೆ. ಕೆಲವರು ಹೌದು ಅನ್ನುತ್ತಾರೆ, ಕೆಲವರು ಗಂಟೆಗಟ್ಟಲೆ ವಾದ ಮಾಡುತ್ತಾರೆ.