ಫೀನಿಕ್ಸ್ ಹಿತ್ತಲಲ್ಲಿ ಮರುಭೂಮಿ ಆಮೆ: ಮೊದಲು ಬಿಲ, ಆಮೇಲೆ ಆಮೆ

ಫೀನಿಕ್ಸ್ ಇರುವ ಅಮೆರಿಕದ ಅರಿಜೋನಾ ರಾಜ್ಯದಲ್ಲಿ ನೆಲೆಸಿದವರಿಗೆ ಆಮೆ ಸಾಕುವ ಆಸೆಯಿದ್ದರೆ ಅಂಗಡಿಗೆ ಹೋಗಬೇಕಿಲ್ಲ. ಸಾಕಲಾಗದೆ ಜನ ಒಪ್ಪಿಸಿದ ಸೊನೋರಾ ಮರುಭೂಮಿ ಆಮೆಗಳನ್ನು ರಾಜ್ಯದ ವನ್ಯಜೀವಿ ಇಲಾಖೆಯಾದ ಗೇಮ್ ಆಂಡ್ ಫಿಶ್ ದತ್ತು ಕೊಡಿಸುತ್ತದೆ. ಮರಿ ಮಾಡಿಸುವಂತಿಲ್ಲ, ಕಾಡಿಗೆ ಬಿಡುವಂತೆಯೂ ಇಲ್ಲ. ಸಾಕಿದ ಆಮೆಯ ಉಸಿರಾಟದ ಸೋಂಕು ಕಾಡಿನವಕ್ಕೆ ಹರಡೀತೆಂಬ ಭಯ. (ಭಾರತದಲ್ಲಿ, ನಮ್ಮೂರಿನ ನಕ್ಷತ್ರ ಆಮೆಯ ಮಾತೇ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಮನೆಯಲ್ಲಿಡುವುದೇ ಅಪರಾಧ. ಅದೃಷ್ಟ ತರುತ್ತದೆ ಎನ್ನುವವರ ಮಾತು ಕೇಳಬೇಡಿ.)

ಎಲ್ಲಕ್ಕಿಂತ ಮುಖ್ಯ ಬಿಲ. ಬೇಸಿಗೆಯಲ್ಲಿ ಇಲ್ಲಿ ಬಿಸಿಲು 43 ಡಿಗ್ರಿ ದಾಟುತ್ತದೆ. ಹಲಗೆಯ ಗೂಡು ಆ ಬಿಸಿಲಿಗೆ ಒಲೆಯಾಗುತ್ತದೆ, ಮಣ್ಣಿನಡಿಯ ತಂಪೇ ಬೇಕು. ಸಿಮೆಂಟ್ ಬ್ಲಾಕುಗಳನ್ನು ಎರಡು ವರಸೆ ಪೇರಿಸಿ ಮೂರು ಬದಿ ಗೋಡೆ ಮಾಡಿ. ಒಳಗೆ 4 ಅಡಿ ಉದ್ದ, ಆಮೆ ಸಲೀಸಾಗಿ ತಿರುಗಲು 2 ಅಡಿ ಅಗಲ. ಮೇಲೆ ಮುಕ್ಕಾಲು ಇಂಚಿನ ಪ್ಲೈವುಡ್, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಆಮೇಲೆ ಕನಿಷ್ಠ 1 ಅಡಿ ಮಣ್ಣು. ನೆಲ ಬರಿ ಮಣ್ಣೇ ಇರಲಿ. ಬಾಯಿ ದಕ್ಷಿಣಕ್ಕೋ ಪೂರ್ವಕ್ಕೋ ಇರಬೇಕು. ಪಶ್ಚಿಮಕ್ಕಿಟ್ಟರೆ ಇಳಿಹೊತ್ತಿನ ಬಿಸಿಲು ನೇರ ಒಳಗೆ ನುಗ್ಗುತ್ತದೆ. ಬಾಯಿಯ ಮುಂದೆ ಮಣ್ಣಿನ ದಿಣ್ಣೆ ಕಟ್ಟಿ, ಪೈಪಿನಿಂದ ಹತ್ತು ನಿಮಿಷ ನೀರು ಬಿಟ್ಟು ನೋಡಿ. ಒಳಗೆ ನೀರು ಹೋದರೆ ದಿಣ್ಣೆ ಸಾಲದು. ಜುಲೈ, ಆಗಸ್ಟಿನ ಮಳೆ ಒಮ್ಮೆಗೇ ಸುರಿಯುತ್ತದೆ, ಬಿಲದಲ್ಲೇ ಆಮೆ ಮುಳುಗಿ ಸಾಯಬಹುದು. ಇಡೀ ಹಿತ್ತಲಿಗೆ ಕಾಲುವೆ ನೀರು ಹಾಯಿಸುವ ಹಳೆಯ ಬಡಾವಣೆಗಳಲ್ಲಿ ಆಮೆಯ ಆಸೆ ಬಿಡುವುದೇ ಮೇಲು.

ಬೇಲಿಯಾಚೆ ಏನೂ ಕಾಣಬಾರದು. ಜಾಲರಿ ಹಾಕಿದರೆ ಇಡೀ ದಿನ ಅದಕ್ಕೇ ಮೂತಿ ಉಜ್ಜುತ್ತ ಓಡಾಡುತ್ತದೆ. 2 ಅಡಿಯ ಗಟ್ಟಿ ಗೋಡೆ ಸಾಕು, ಗೇಟಿನ ಕೆಳಗಿನ ಸಂದಿಗೆ ಹಲಗೆ ಹೊಡೆಯಿರಿ. ಎರಡು ಗಂಡುಗಳನ್ನು ಒಟ್ಟಿಗೆ ಬಿಡಬೇಡಿ: ಒಂದನ್ನೊಂದು ಮಗುಚಿ ಹಾಕುತ್ತವೆ, ಬಿಸಿಲಲ್ಲಿ ಅಂಗಾತ ಬಿದ್ದದ್ದು ಬದುಕುವುದಿಲ್ಲ. ಈಜುಕೊಳಕ್ಕೆ ಬೇರೆ ಬೇಲಿ. ನಾಯಿ ಎಷ್ಟೇ ಸಾಧುವಾಗಿರಲಿ, ಚಿಪ್ಪು ಕಡಿಯದೆ ಬಿಡದು.

ಊಟದ ಚಿಂತೆ ಕಡಿಮೆ. ಗಣೇಶನಿಗೆ ಏರಿಸುವ ಗರಿಕೆಯೇ ಇಲ್ಲಿನ ಲಾನುಗಳಲ್ಲೂ ಬೆಳೆಯುತ್ತದೆ, ಅದನ್ನು ಮೇಯಲಿ. ಪಾಪಾಸುಕಳ್ಳಿಯ ಎಳೆ ಹಾಳೆ, ದಾಸವಾಳದ ಎಲೆ ಮತ್ತು ಹೂ ಕೊಡಬಹುದು. ನಾಯಿಯ ತಿಂಡಿ ಬೇಡವೇ ಬೇಡ. ಕಾಂಪೌಂಡ್ ಪಕ್ಕ ಸಾಲಾಗಿ ನೆಡುವ ಕಣಗಿಲೆಯಂತೂ ವಿಷ, ಉದುರಿದ ಎಲೆಯೂ ಕೂಡ. ಲಾನಿಗೆ ಕಳೆನಾಶಕ ಹೊಡೆಯಬೇಡಿ.

ಕುಂಡದಡಿಯ ಅಗಲ ಮಣ್ಣಿನ ತಟ್ಟೆಯನ್ನು ನೆಲಮಟ್ಟಕ್ಕೆ ಹೂತು ಎರಡು ಇಂಚು ನೀರಿಡಿ. ಈ ಆಮೆ ಮೂತ್ರಕೋಶದಲ್ಲೇ ನೀರು ಕೂಡಿಟ್ಟುಕೊಳ್ಳುತ್ತದೆ, ಹೆದರಿದರೆ ಅದನ್ನೆಲ್ಲ ಚೆಲ್ಲಿಬಿಡುತ್ತದೆ. ಫೋಟೋಕ್ಕೆಂದು ಎತ್ತಬೇಡಿ ಎನ್ನುವುದು ಇದಕ್ಕೇ.

ಅಕ್ಟೋಬರ್ ಹೊತ್ತಿಗೆ ತಾನೇ ಮೇಯುವುದು ಬಿಟ್ಟು ಬಿಲ ಸೇರುತ್ತದೆ, ಮಾರ್ಚಿನವರೆಗೆ ಮಲಗಿರುತ್ತದೆ. ಎಬ್ಬಿಸಬೇಡಿ, ಮನೆಯೊಳಗೂ ತರಬೇಡಿ. ಮಲಗುವ ಮುನ್ನ ಮೂಗಿನಲ್ಲಿ ಸಿಂಬಳ, ಗುಳ್ಳೆ, ಊದಿದ ರೆಪ್ಪೆ ಕಂಡರೆ ಮಾತ್ರ ತಡೆದು, ಸರೀಸೃಪಗಳನ್ನು ಬಲ್ಲ ಪಶುವೈದ್ಯರಿಗೆ ತೋರಿಸಿ. ಸೋಂಕಿನೊಂದಿಗೆ ನಿದ್ರೆಗೆ ಹೋದ ಆಮೆ ವಸಂತಕ್ಕೆ ಏಳದಿರಬಹುದು.