ಹಳೇ ಸರ್ವರ್‌ಗಳು: ಯಾವುದನ್ನು ಬದಲಿಸೋಣ, ಯಾವುದಕ್ಕೆ ಏನು ಕೆಲಸ ಕೊಡೋಣ?

ನಮ್ಮ ಸಾಫ್ಟ್‌ವೇರ್ ಪ್ರಾಜೆಕ್ಟಿನ ಸರ್ವರ್‌ಗಳಿಗೆ ವಯಸ್ಸಾಗಿದೆ. ಎಲ್ಲವನ್ನೂ ಒಟ್ಟಿಗೆ ಬದಲಿಸುವಷ್ಟು ದುಡ್ಡು ಸ್ವಯಂಸೇವಕರ ಗುಂಪಿನ ಹತ್ತಿರ ಎಲ್ಲಿರುತ್ತದೆ? ಹಾಗಾಗಿ ಯಾವುದು ಮೊದಲು ಅನ್ನುವುದೇ ಪ್ರಶ್ನೆ.

ನನ್ನ ಪ್ರಕಾರ ಮೊದಲು ಡಿಸ್ಕ್. ಹಾರ್ಡ್ ಡಿಸ್ಕಿನ ಸ್ಮಾರ್ಟ್ ವರದಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ, ತೆಗೆದು 5 ಮತ್ತು 197ನೇ ನಂಬರಿನ ಸಾಲು ನೋಡಿ. 5 ಅಂದರೆ ಕೆಟ್ಟುಹೋಗಿ ಬದಲಿ ಜಾಗ ಪಡೆದ ಡಿಸ್ಕಿನ ಸಣ್ಣ ಸಣ್ಣ ಭಾಗಗಳು, ಅಂದರೆ ಸೆಕ್ಟರ್‌ಗಳು. 197 ಅಂದರೆ ಸರಿಯಾಗಿ ಓದಲು ಆಗದೆ ಇನ್ನೂ ತೀರ್ಮಾನವಾಗದೆ ಉಳಿದವು. ಈ ಸಂಖ್ಯೆ ಏರುತ್ತಲೇ ಇದ್ದರೆ ಆ ಡಿಸ್ಕನ್ನು ನಂಬಬೇಡಿ, ಒಂದು ಡಿಸ್ಕ್ ಹೋದರೂ ಡೇಟಾ ಉಳಿಯುವಂತೆ ಹಲವು ಡಿಸ್ಕ್ ಜೋಡಿಸಿದ ರೇಯ್ಡ್ ಇದೆಯಲ್ವಾ ಅಂತ ಸುಮ್ನೆ ಕೂರಲೂ ಬೇಡಿ, ಯಾಕಂದ್ರೆ ಒಟ್ಟಿಗೆ ಕೊಂಡ ಡಿಸ್ಕ್‌ಗಳು ಹೆಚ್ಚುಕಮ್ಮಿ ಒಟ್ಟಿಗೇ ಸವೆದಿರುತ್ತವೆ, ಒಂದು ಕೈಕೊಟ್ಟಾಗ ಅದರ ಡೇಟಾವನ್ನು ಹೊಸ ಡಿಸ್ಕಿನಲ್ಲಿ ಮತ್ತೆ ಕಟ್ಟುವ (ರೀಬಿಲ್ಡ್) ಭಾರವೆಲ್ಲ ಉಳಿದವುಗಳ ಮೇಲೇ ಬೀಳುತ್ತದೆ.

ಆಮೇಲೆ ಪ್ರೊಸೆಸರ್. 2025ರಲ್ಲಿ ಬಂದ, ಸರ್ವರ್ ನಡೆಸುವ ಆಪರೇಟಿಂಗ್ ಸಿಸ್ಟಮ್ ಆದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10ಕ್ಕೆ ಎವಿಎಕ್ಸ್2 ಎಂಬ ಸೂಚನೆಗಳ ಗುಂಪು ಇರುವ ಪ್ರೊಸೆಸರ್ ಬೇಕು. ಇಂಟೆಲ್‌ನಲ್ಲಿ ಅದು ಶುರುವಾಗಿದ್ದು 2013ರ ಪ್ರೊಸೆಸರ್ ತಲೆಮಾರು ಹ್ಯಾಸ್ವೆಲ್‌ನಿಂದ. ಅದಕ್ಕಿಂತ ಹಳೆಯ ಮಷೀನು ಎಷ್ಟೇ ಗಟ್ಟಿಮುಟ್ಟಾಗಿರಲಿ, ಅದರ ಮೇಲೆ ಈ ಲಿನಕ್ಸ್ 10 ಓಡುವುದಿಲ್ಲ. ರ‍್ಯಾಮ್ ಉಳಿಸಿಕೊಳ್ಳೋಣ ಅಂದರೆ ಹಳೇ ತಲೆಮಾರಿನ ಡಿಡಿಆರ್3 ಪಟ್ಟಿ ಅದರ ನಂತರದ ಡಿಡಿಆರ್4 ಸ್ಲಾಟಿಗೆ ಕೂರುವುದೇ ಇಲ್ಲ.

ಹೊಸ ಮಷೀನು ಬಂದರೆ ಎಲ್ಲರ ಕಣ್ಣೂ ವೆಬ್‌ಸೈಟ್ ಮೇಲೆ. ನಾನು ಒಪ್ಪುವುದಿಲ್ಲ. ಅದು ಬಿಲ್ಡ್‌ಗೆ, ಅಂದರೆ ಕೋಡನ್ನು ಓಡುವ ಪ್ರೋಗ್ರಾಂ ಮಾಡಿ ಟೆಸ್ಟ್ ಮಾಡುವ ಕೆಲಸಕ್ಕೆ, ಹೋಗಲಿ, ಪ್ರೊಸೆಸರ್ ಕೋರ್‌ಗಳು ಜಾಸ್ತಿ ಬೇಕಾಗಿರುವುದು ಅಲ್ಲಿ. ಬಿಡುವಿನ ಸಮಯದಲ್ಲಿ ಕೋಡ್ ಬರೆಯುವವರು ಟೆಸ್ಟ್ ಮುಗಿಯಲಿ ಅಂತ ಕಾಯುತ್ತಾ ಕೂತರೆ ಅವತ್ತಿನ ಸಂಜೆ ಹೋದಂತೆಯೇ. ಡೇಟಾಬೇಸ್, ಮೆಮೊರಿಯ ಸಣ್ಣ ತಪ್ಪುಗಳನ್ನು ತಾನೇ ಸರಿಪಡಿಸುವ ಇಸಿಸಿ ರ‍್ಯಾಮ್ ಇರುವ ಮಷೀನಿನಲ್ಲೇ ಇರಲಿ. ಹಳೆಯ ಮಷೀನಿಗೆ ಮಿರರ್ ಕೆಲಸ, ಅಂದರೆ ಫೈಲ್‌ಗಳ ಇನ್ನೊಂದು ಕಾಪಿ ಇಟ್ಟು ಹಂಚುವ ಕೆಲಸ ಕೊಡಿ. ಅಲ್ಲಿನ ಫೈಲ್ ಹೋದರೂ ಮತ್ತೆ ಕಾಪಿ ಮಾಡಬಹುದು. ಬ್ಯಾಕಪ್ ಮಾತ್ರ ದಯವಿಟ್ಟು ಸವೆದ ಡಿಸ್ಕಿಗೆ ಹಾಕಬೇಡಿ.