ಮನೆಹೆರಿಗೆ: ಮಳೆಗಾಲದ ಕೊಡಗಿನ ಲೆಕ್ಕ

ಮಿಡ್‌ವೈಫ್ (ತರಬೇತಿ ಪಡೆದ ಸೂಲಗಿತ್ತಿ) ಜೊತೆಗಿದ್ದರೆ ಮನೆಹೆರಿಗೆ ಸುರಕ್ಷಿತ ಅನ್ನುವವರು ಇಂಗ್ಲೆಂಡಿನ 2011ರ ಬರ್ತ್‌ಪ್ಲೇಸ್ ಅಧ್ಯಯನವನ್ನು ಮುಂದಿಡುತ್ತಾರೆ. ಪೂರ್ತಿ ಓದಿ. ಮೊದಲೇ ಹೆತ್ತಿದ್ದ, ತೊಡಕಿಲ್ಲದ ಗರ್ಭಿಣಿಯರ ಮಕ್ಕಳಿಗೆ ಮನೆಯಲ್ಲಿ ಹೆಚ್ಚಿನ ಅಪಾಯ ಕಾಣಲಿಲ್ಲ, ನಿಜ. ಚೊಚ್ಚಲಾದರೆ ಮಗುವಿನ ಸಾವು ಅಥವಾ ಗಂಭೀರ ತೊಂದರೆ ಮನೆಯಲ್ಲಿ ಸಾವಿರಕ್ಕೆ 9.3; ಆಸ್ಪತ್ರೆಯಲ್ಲಿ 5.3. ಮನೆಯಲ್ಲೇ ಹೆರಲು ಹೊರಟ ಚೊಚ್ಚಲ ತಾಯಂದಿರಲ್ಲಿ ನೂರಕ್ಕೆ 45 ಮಂದಿಯನ್ನು ಹೆರಿಗೆಯ ನಡುವೆಯೋ ಹೆತ್ತ ಮೇಲೋ ಆಸ್ಪತ್ರೆಗೆ ಸಾಗಿಸಬೇಕಾಯಿತು. ಇಲ್ಲಿ ಭಾಗಮಂಡಲದಿಂದ ಮಡಿಕೇರಿಯ ಆಸ್ಪತ್ರೆಗೆ ಸುಮಾರು 35 ಕಿ.ಮೀ. ತಿರುವು ರಸ್ತೆ. ಜುಲೈನಲ್ಲಿ ಅಡ್ಡಕ್ಕೊಂದು ಮರ ಬಿದ್ದರೆ 108 ಕೂಡ ನಿಂತಲ್ಲೇ.

ನನಗೆ ಹೆಚ್ಚು ಭಯ ಹೆತ್ತ ಮೇಲಿನ ರಕ್ತಸ್ರಾವದ್ದು. ಮಗು ಹೊರಬಂದು, ಒಳಗೆ ಇನ್ನೊಂದು ಮಗುವಿಲ್ಲ ಅಂತ ಖಾತ್ರಿಯಾದ ಕೂಡಲೇ ಮಿಡ್‌ವೈಫ್ ತಾಯಿಯ ತೊಡೆಗೆ ಗರ್ಭಕೋಶ ಬಿಗಿದು ರಕ್ತ ನಿಲ್ಲಿಸುವ ಔಷಧ ಆಕ್ಸಿಟೋಸಿನ್ 10 ಯೂನಿಟ್ ಚುಚ್ಚಬೇಕು. ಆ ಔಷಧ 2ರಿಂದ 8 ಡಿಗ್ರಿಯಲ್ಲಿರಬೇಕು. ಮೂರು ದಿನ ಕರೆಂಟಿಲ್ಲದ ಮನೆಯ ಫ್ರಿಜ್ಜನ್ನು ನಂಬಬೇಡಿ. ಐಸ್‌ಪ್ಯಾಕ್ ಹಾಕಿದ ಲಸಿಕೆ ಡಬ್ಬಿ ಬೇಕು. ಇಂಜೆಕ್ಷನ್ ಕೊಡಲಾಗದಿದ್ದರೆ ಅದೇ ಕೆಲಸದ ಮಿಸೊಪ್ರೊಸ್ಟಾಲ್ ಮಾತ್ರೆ, 600 ಮೈಕ್ರೋಗ್ರಾಂ. ಅದಕ್ಕೆ ತೇವ ಆಗದು, ಸ್ಟ್ರಿಪ್ಪಿನಿಂದ ಮೊದಲೇ ಬಿಡಿಸಿಡಬೇಡಿ.

ರಕ್ತವನ್ನು ಕಣ್ಣಳತೆಯಲ್ಲಿ ನೋಡಿದರೆ ಸಾಮಾನ್ಯವಾಗಿ ಕಡಿಮೆಯೇ ಕಾಣುತ್ತದೆ. ನೆಂದ ಬಟ್ಟೆಯನ್ನು ತೂಗಿ, ಒಣತೂಕ ಕಳೆಯಿರಿ: ಒಂದು ಗ್ರಾಂ ಅಂದರೆ ಹೆಚ್ಚುಕಡಿಮೆ ಒಂದು ಮಿಲಿ. ಹೊಕ್ಕುಳ ಹತ್ತಿರ ಗರ್ಭಕೋಶ ಕೈಗೆ ಗಟ್ಟಿಯಾಗಿ ಸಿಗಬೇಕು. ಮೆತ್ತಗಿದ್ದರೆ ಹೊಟ್ಟೆಯ ಮೇಲಿಂದ ಅದನ್ನು ಉಜ್ಜುತ್ತಲೇ ಗಾಡಿ ಕರೆಸಿ. 500 ಮಿಲಿ ದಾಟುವವರೆಗೆ ಕಾಯಬೇಡಿ.